ಬಾಡಿಗೆ ಮನೆಯಲ್ಲಿ ಕನ್ನಡ!



2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಆವತಿಯ ನನ್ನ ಪ್ರೆಸ್ಸಿನ ಕಂಪ್ಯೂಟರಿಗೂ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಸಿದೆ. ಫೋಟೋ ತಿದ್ದುವ ಸಾಫ್ಟ್‌ವೇರ್ ತೆರೆಯಿತು. ಹಳೆಯ ರಾಜ್ಯೋತ್ಸವ ಪೋಸ್ಟರಿನಲ್ಲಿ ಕೆಂಪೇಗೌಡರ ಚಿತ್ರ ನೆಟ್ಟಗಿತ್ತು. ಕೆಳಗಿನ ಬರಹ ತಿದ್ದಲು ಮುಟ್ಟಿದೆ, ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ!

ತಪ್ಪು ಯಂತ್ರದ್ದಲ್ಲ. ನಮ್ಮ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡವನ್ನು ಬಾಡಿಗೆಗೆ ಇಟ್ಟಿದ್ದವು. ಫಾಂಟು ಹೋಯಿತೋ, ಕನ್ನಡ ಬೀದಿಪಾಲು. ಯೂನಿಕೋಡಿನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ವಂತ ಮನೆಯಿದೆ. ಅಲ್ಲಿಗೆ ಹೋಗದೆ ಕುಳಿತವರು ನಮ್ಮಂಥ ಮುದ್ರಕರೇ!

ಸಿಸ್ಟಂ ಬದಲಿಸುವ ಮುನ್ನ ಹಳೆಯ ಫಾಂಟುಗಳನ್ನು ಎತ್ತಿಡಿ, ಬರಹವನ್ನು ಯೂನಿಕೋಡಿಗೆ ತನ್ನಿ. ಪುಕ್ಕಟೆ ಸಿಗುವ ಜಿಂಪ್‌ನಲ್ಲೂ ಒತ್ತಕ್ಷರ ಸರಿಯಾಗಿ ಕೂಡುತ್ತದೆ.

ಅಂಗಡಿ ಬೋರ್ಡಿನಲ್ಲಿ ಕನ್ನಡ ಕೇಳುವವರೇ, ಮೊದಲು ನಿಮ್ಮ ಫೈಲಿನ ಕನ್ನಡ ಉಳಿಸಿಕೊಳ್ಳಿ!