ಕೋಶವಿಲ್ಲದ ದೇಶಾಟನ

“ದೇಶ ಸುತ್ತಬೇಕು, ಕೋಶ ಓದಬೇಕು” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಈ ಎರಡು ಕಾರ್ಯಗಳನ್ನು ನಮ್ಮ ಹಿರಿಯರು ಒಂದೇ ಉಸಿರಿನಲ್ಲಿ ಏಕೆ ಹೇಳಿದರೆಂಬುದನ್ನು ಆಲೋಚಿಸುವವರು ಇನ್ನೂ ವಿರಳ. ಸಾಂಖ್ಯರು ಹೇಳುವ ಪಂಗ್ವಂಧನ್ಯಾಯದಲ್ಲಿ ಕುಂಟನು ದಾರಿಯನ್ನು ಕಾಣುತ್ತಾನೆ, ಕುರುಡನು ಅವನನ್ನು ಹೊತ್ತು ನಡೆಯುತ್ತಾನೆ. ಇಬ್ಬರೂ ಕೂಡಿದಲ್ಲದೆ ಊರು ಸೇರುವುದಿಲ್ಲ. ಓದಿಲ್ಲದ ತಿರುಗಾಟ ಕುರುಡು. ತಿರುಗಾಟವಿಲ್ಲದ ಓದು ಕುಂಟು. ಈಚೆಗೆ ನಮ್ಮ ವಿದ್ಯಾವಂತ ಕುಟುಂಬಗಳಲ್ಲಿ ಬಹುವಾಗಿ ಹಬ್ಬಿರುವ ಯೂರೋಪಿನ ಸಾಮೂಹಿಕ ಪ್ರವಾಸವನ್ನು ನೋಡಿದರೆ, ಕೋಶವೆಂಬ ಶಬ್ದಕ್ಕೆ ಗ್ರಂಥವೆಂಬ ಅರ್ಥವನ್ನು ಬಿಟ್ಟು ಬೊಕ್ಕಸವೆಂಬ ಅರ್ಥವನ್ನೇ ನಮ್ಮವರು ಹಿಡಿದಿರುವರೆಂದು ತೋರುತ್ತದೆ. ದೇಶ ಸುತ್ತುತ್ತಾರೆ, ಕೋಶ ಬರಿದಾಗುತ್ತದೆ. ಗಾದೆ ಅಲ್ಲಿಗೆ ತೀರಿತು!

ಈ ಪ್ರವಾಸಗಳ ಕ್ರಮವನ್ನು ವಾಚಕರು ಬಲ್ಲರು. ಹನ್ನೆರಡು ದಿನ, ಎಂಟು ದೇಶ. ಪ್ಯಾರಿಸ್ಸಿನಲ್ಲಿ ಇಳಿದು ರೋಮಿನಲ್ಲಿ ವಿಮಾನ ಹತ್ತುವವರೆಗೆ ಬಸ್ಸಿನ ಚಕ್ರಕ್ಕೆ ಬಿಡುವಿಲ್ಲ, ಪ್ರಯಾಣಿಕರ ಕಣ್ಣಿಗೆ ಬಿಡುವಿನ ನಿದ್ರೆಯೊಂದೇ. ಬೆಲ್ಜಿಯಮ್ಮಿನಲ್ಲಿ ಚಾಕೊಲೇಟು, ಜರ್ಮನಿಯ ಕಾಡಿನಲ್ಲಿ ಕೋಗಿಲೆ ಕೂಗುವ ಗಡಿಯಾರ, ಆಸ್ಟ್ರಿಯದಲ್ಲಿ ಸ್ಫಟಿಕದ ಅಂಗಡಿ. ಇವುಗಳಿಗೆ ಗಂಟೆಗಟ್ಟಲೆ ಕಾಲಾವಕಾಶವುಂಟು. ನಡುವೆ ಆರೇಳು ಶತಮಾನಗಳ ದೇವಾಲಯವೊಂದು ಎದುರಾದರೆ ಅದಕ್ಕೆ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿಯೂ ಶೌಚಾಲಯವನ್ನು ಹುಡುಕುವುದಕ್ಕೆ ಹತ್ತು ನಿಮಿಷ, ಭಾವಚಿತ್ರಗಳಿಗೆ ಹದಿನೈದು, ಉಳಿದ ಐದು ನಿಮಿಷ ತಪ್ಪಿಸಿಕೊಂಡ ಸಹಪ್ರಯಾಣಿಕರನ್ನು ಕಾಯುವುದಕ್ಕೆ. ಕಾರ್ಯಕ್ರಮದ ಪಟ್ಟಿಯಲ್ಲಿ “ಹೊರಗಿನಿಂದ ವೀಕ್ಷಣೆ” ಎಂದು ಮೊದಲೇ ಅಚ್ಚಾಗಿರುವ ಸ್ಥಳಗಳೂ ಹಲವು. ಊರಿಗೆ ಮರಳಿದ ಬಳಿಕ ಇವೆಲ್ಲವೂ “ನೋಡಿ ಬಂದ” ಸ್ಥಳಗಳೆಂದು ಲೆಕ್ಕಕ್ಕೆ ಸೇರುತ್ತವೆ. ಈ “ನೋಡಿ ಬಂದೆವು” ಎಂಬ ಮಾತೇ ನನ್ನ ಆಕ್ಷೇಪಕ್ಕೆ ಗುರಿ.

ನನ್ನ ವಾದವನ್ನು ಯಾರೂ ತಪ್ಪಾಗಿ ತಿಳಿಯಬಾರದು. ಸಮುದ್ರವನ್ನು ದಾಟಬಾರದೆಂಬ ಹಳೆಯ ನಿಷೇಧವನ್ನು ಎಬ್ಬಿಸಿ ನಿಲ್ಲಿಸಲು ನಾನು ಬಂದವನಲ್ಲ. ಅನ್ಯಮತದ ದೇವಾಲಯಕ್ಕೆ ಹೋಗಬಾರದೆನ್ನುವವನೂ ಅಲ್ಲ. ಹೋಗಲೇಬೇಕೆಂಬುದು ನನ್ನ ಪಕ್ಷ. ಆದರೆ ಹೋಗುವುದಕ್ಕೆ ಅಧಿಕಾರ ಬೇಕು. ನಮ್ಮ ಶಾಸ್ತ್ರಗ್ರಂಥಗಳೆಲ್ಲ ಆರಂಭದಲ್ಲಿಯೇ ಅಧಿಕಾರಿ ಯಾರು, ವಿಷಯವೇನು, ಪ್ರಯೋಜನವೇನು ಎಂದು ವಿಚಾರಿಸುತ್ತವೆ. ಅಧಿಕಾರವೆಂದರೆ ಇಲ್ಲಿ ಕುಲವಲ್ಲ, ಮತವಲ್ಲ. ತಿಳಿಯಬೇಕೆಂಬ ಇಚ್ಛೆ ಮತ್ತು ತಿಳಿಯುವುದಕ್ಕೆ ಬೇಕಾದಷ್ಟು ಪೂರ್ವಸಿದ್ಧತೆ. ಇವೆರಡನ್ನು ಊರಿನಲ್ಲಿಯೇ ಬಿಟ್ಟು ಹೋದವರ ಕಣ್ಣ ಮುಂದೆ ಕಲ್ಲು ನಿಲ್ಲುವುದೇ ಹೊರತು ದೇವಾಲಯ ನಿಲ್ಲುವುದಿಲ್ಲ.

ಜರ್ಮನಿಯ ಕೊಲೋನ್ ನಗರದ ಮಹಾದೇವಾಲಯವನ್ನೇ ತೆಗೆದುಕೊಳ್ಳಿ. ಶಿಶು ಯೇಸುವನ್ನು ಕಾಣಲು ಬಂದ ಮೂವರು ಜ್ಞಾನಿಗಳದೆಂದು ಭಕ್ತರು ನಂಬುವ ಅಸ್ಥಿಗಳನ್ನು 1164ರಲ್ಲಿ ಮಿಲಾನ್ ನಗರದಿಂದ ಅಲ್ಲಿಗೆ ತಂದರು. ಅಂದಿನಿಂದ ಕೊಲೋನ್ ಯಾತ್ರಾಸ್ಥಳವಾಯಿತು. ಯಾತ್ರಿಕರ ಸಂದಣಿಗೆ ತಕ್ಕ ಆಲಯ ಬೇಕೆಂದು 1248ರಲ್ಲಿ ಅಡಿಗಲ್ಲನ್ನಿಟ್ಟರು. ಹದಿನಾರನೆಯ ಶತಮಾನದಲ್ಲಿ ಕೆಲಸ ನಿಂತುಹೋಯಿತು. ಅರ್ಧಕ್ಕೆ ನಿಂತ ದಕ್ಷಿಣ ಗೋಪುರದ ನೆತ್ತಿಯ ಮೇಲೆ ಕಲ್ಲೆತ್ತುವ ಮರದ ಯಂತ್ರವೊಂದು ಶತಮಾನಗಳ ಕಾಲ ಹಾಗೆಯೇ ನಿಂತಿದ್ದಿತು. ಆ ನಗರದ ಹಳೆಯ ಚಿತ್ರಗಳಲ್ಲಿ ಅದನ್ನು ಇಂದಿಗೂ ಕಾಣಬಹುದು. ಮುಂಭಾಗದ ಮೂಲ ನಕ್ಷೆಯ ಒಂದು ತುಂಡು 1814ರಲ್ಲಿ ಡಾರ್ಮ್‌ಸ್ಟಾಟಿನಲ್ಲಿಯೂ ಇನ್ನೊಂದು ತುಂಡು 1816ರಲ್ಲಿ ಪ್ಯಾರಿಸ್ಸಿನಲ್ಲಿಯೂ ದೊರೆತುವು. 1842ರಲ್ಲಿ ಕೆಲಸ ಮತ್ತೆ ಆರಂಭವಾಗಿ, ಪೂರ್ವಿಕರು ಬರೆದಿಟ್ಟ ನಕ್ಷೆಯನ್ನೇ ಅನುಸರಿಸಿ, 1880ರಲ್ಲಿ 157 ಮೀಟರ್ ಎತ್ತರದ ಜೋಡಿ ಗೋಪುರಗಳು ಪೂರ್ಣವಾದುವು. ಅಡಿಗಲ್ಲಿನಿಂದ ಶಿಖರದವರೆಗೆ 632 ವರ್ಷ! ತಾತನು ಕೆತ್ತಲಾರಂಭಿಸಿದ ಕಲ್ಲಿನ ಮೇಲೆ ಮುಮ್ಮೊಮ್ಮಗನು ಕಲ್ಲನ್ನಿಡದೆ ಹೋದರೂ, ಅವನ ಸಂತತಿಯವರು ಆ ಸಂಕಲ್ಪವನ್ನು ಮರೆಯಲಿಲ್ಲ. ಎರಡನೆಯ ಮಹಾಯುದ್ಧದ ಬಾಂಬುಗಳು ಬಿದ್ದು ಸುತ್ತಣ ನಗರ ನೆಲಸಮವಾದಾಗಲೂ ಈ ಆಲಯ ನಿಂತೇ ಇದ್ದಿತು. ಅದರ ದುರಸ್ತಿಯ ಕಾರ್ಯಾಗಾರ ಇಂದಿಗೂ ಮುಚ್ಚಿಲ್ಲ. 632 ವರ್ಷಗಳ ಸಂಕಲ್ಪವನ್ನು ಮೂವತ್ತು ನಿಮಿಷಗಳಲ್ಲಿ, ಅದೂ ಬೆನ್ನನ್ನು ಆಲಯಕ್ಕೂ ಮುಖವನ್ನು ಕೈಯಲ್ಲಿರುವ ಯಂತ್ರಕ್ಕೂ ತಿರುಗಿಸಿಕೊಂಡು “ನೋಡಿ” ಮುಗಿಸುವುದು ಎಂಥ ದರ್ಶನ? ಕೊಲೋನಿನ ಆಲಯದಿಂದ ಪ್ರೇರಿತವಾದ ಸಂತ ಫಿಲೋಮಿನಾ ಚರ್ಚು ನಮ್ಮ ಮೈಸೂರಿನಲ್ಲಿಯೇ ಇದೆ. 1933ರಲ್ಲಿ ಅದಕ್ಕೆ ಅಡಿಗಲ್ಲನ್ನಿಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಲಕ್ಷಗಟ್ಟಲೆ ವ್ಯಯಮಾಡಿ ಜರ್ಮನಿಗೆ ಹೊರಡುವ ಮುನ್ನ ಬಸ್ಸಿನ ಸಣ್ಣ ಟಿಕೆಟಿನಲ್ಲಿ ಈ ಚರ್ಚಿಗೆ ಹೋಗಿ, ಆ ಚೂಪು ಕಮಾನುಗಳು ದೃಷ್ಟಿಯನ್ನು ಹೇಗೆ ಮೇಲಕ್ಕೆ ಸೆಳೆಯುವುವೆಂಬುದನ್ನು ಒಂದು ಗಂಟೆ ಕುಳಿತು ನೋಡಿದವರು ಎಷ್ಟು ಮಂದಿ?

ಇಟಲಿಯ ಪೀಸಾ ನಗರದ ಮಾತಂತೂ ಇನ್ನೂ ಶೋಚನೀಯ. ವಾಲಿದ ಗೋಪುರವನ್ನು ಅಂಗೈಯಿಂದ ಆನಿಸಿ ಹಿಡಿದಂತೆ ನಟಿಸಿ ಚಿತ್ರ ತೆಗೆಸಿಕೊಳ್ಳದೆ ಅಲ್ಲಿಂದ ಹೊರಟವರಿಲ್ಲ. ಆ ಗೋಪುರ ಏತಕ್ಕಾಗಿ ಕಟ್ಟಿದ್ದೆಂದು ಕೇಳಿದರೆ ಹತ್ತರಲ್ಲಿ ಎಂಟು ಮಂದಿ ಮೌನ. ಅದು ಪಕ್ಕದ ದೇವಾಲಯದ ಘಂಟಾಗೋಪುರ. ಅದಕ್ಕಿಂತ ಒಂದು ಶತಮಾನದಷ್ಟು ಹಿಂದಿನದಾದ ಆ ಅಮೃತಶಿಲೆಯ ದೇವಾಲಯ ಹತ್ತು ಮಾರು ದೂರದಲ್ಲಿದ್ದರೂ ನಮ್ಮವರ ಚಿತ್ರಗಳಲ್ಲಿ ಅದು ಬರಿಯ ಹಿನ್ನೆಲೆ. ಗೋಪುರದ ಕಥೆಯಾದರೂ ತಿಳಿಯಿತೇ? 1173ರಲ್ಲಿ ಆರಂಭಿಸಿದರು. ಮೂರನೆಯ ಅಂತಸ್ತಿಗೆ ಬರುವಷ್ಟರಲ್ಲಿ ಮೆತ್ತನೆಯ ನೆಲ ಒಂದು ಪಕ್ಕಕ್ಕೆ ಕುಸಿಯತೊಡಗಿತು. ಯುದ್ಧಗಳ ದೆಸೆಯಿಂದ ಸುಮಾರು ಒಂದು ನೂರು ವರ್ಷ ಕೆಲಸ ನಿಂತಿತು. ಆ ಅವಧಿಯಲ್ಲಿ ನೆಲ ಗಟ್ಟಿಯಾದುದರಿಂದಲೇ ಗೋಪುರ ಉಳಿಯಿತೆಂದು ತಜ್ಞರ ಮತ. ಮುಂದೆ ಕಟ್ಟಿದವರು ವಾಲಿಕೆಯನ್ನು ಸರಿದೂಗಿಸಲು ಮೇಲಣ ಅಂತಸ್ತುಗಳನ್ನು ಎದುರು ದಿಕ್ಕಿಗೆ ಬಾಗಿಸಿದರು. ಅದರಿಂದ ಗೋಪುರ ವಾಲಿದ್ದು ಮಾತ್ರವಲ್ಲದೆ ಸ್ವಲ್ಪ ಡೊಂಕಾಗಿಯೂ ಇದೆ. ಬೀಳುವ ಭಯದಿಂದ 1990ರಲ್ಲಿ ಅದನ್ನು ಮುಚ್ಚಿ, ಉತ್ತರದ ಕಡೆಯ ಅಡಿಮಣ್ಣನ್ನು ಸ್ವಲ್ಪಸ್ವಲ್ಪವಾಗಿ ತೆಗೆದು, ವಾಲಿಕೆಯನ್ನು ಕೊಂಚ ತಗ್ಗಿಸಿ, 2001ರಲ್ಲಿ ಮತ್ತೆ ತೆರೆದರು. ತಪ್ಪನ್ನು ಕೆಡವದೆ, ತಾಳ್ಮೆಯಿಂದ ತಿದ್ದಿಕೊಂಡ ಎಂಟು ಶತಮಾನಗಳ ಮನುಷ್ಯಬುದ್ಧಿಗೆ ಸಾಕ್ಷಿಯಾದ ಗೋಪುರವದು. ನಮ್ಮವರಿಗೆ ಅದು ಅಂಗೈಯ ಮೇಲಿನ ಆಟಿಕೆ!

ಈಗ ಪೂರ್ವಪಕ್ಷಗಳನ್ನು ಪರಿಶೀಲಿಸೋಣ.

ಒಂದನೆಯದು: “ವಯಸ್ಸಾದವರು ಭಾಷೆಯರಿಯದ ದೇಶದಲ್ಲಿ ಒಬ್ಬಂಟಿಯಾಗಿ ಅಲೆಯಲಾದೀತೇ? ಸಸ್ಯಾಹಾರ ಸಿಕ್ಕೀತೇ? ಗುಂಪಿನೊಡನೆ ಹೋಗದೆ ಗತಿಯಿಲ್ಲ.” ಇದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಗುಂಪು ದೋಷವಲ್ಲ. ನಮ್ಮ ಹಿರಿಯರು ಕಾಶಿಗೆ ಹೋದದ್ದೂ ಗುಂಪಿನಲ್ಲಿಯೇ. ಆದರೆ ಅವರು ಹೊರಡುವ ಮುನ್ನ ಸ್ಥಳಪುರಾಣವನ್ನು ಕೇಳಿರುತ್ತಿದ್ದರು. ಯಾವ ಘಟ್ಟದಲ್ಲಿ ಸ್ನಾನ, ಯಾವ ಗುಡಿಯಲ್ಲಿ ಏನು ಎಂಬುದು ಓದುಬರಹವರಿಯದ ಅಜ್ಜಿಗೂ ತಿಳಿದಿರುತ್ತಿತ್ತು. ಆ ಅಜ್ಜಿಗಿದ್ದ ಸಿದ್ಧತೆ ಪದವೀಧರನಾದ ಮೊಮ್ಮಗನಿಗಿಲ್ಲದಿದ್ದರೆ ಅದು ಗುಂಪಿನ ಅಪರಾಧವೇ?

ಎರಡನೆಯದು ಪಂಡಿತರ ಆಕ್ಷೇಪ: “ಸ್ಥಾಲೀಪುಲಾಕನ್ಯಾಯದಂತೆ ಒಂದು ಅಗುಳನ್ನು ಹಿಸುಕಿ ಮಡಕೆಯ ಅನ್ನವೆಲ್ಲ ಬೆಂದುದನ್ನು ತಿಳಿಯುವುದಿಲ್ಲವೇ? ದೇಶಕ್ಕೊಂದು ಅಗುಳನ್ನು ನೋಡಿದರೆ ಸಾಲದೇ?” ಸಾಲದು. ಆ ನ್ಯಾಯ ಪ್ರವರ್ತಿಸುವುದು ಒಂದೇ ಮಡಕೆಯ ಅನ್ನದಲ್ಲಿ. ವೆನಿಸ್ಸಿನ ಸಂತ ಮಾರ್ಕನ ಆಲಯದ ಬಂಗಾರದ ಬಣ್ಣದ ಗುಮ್ಮಟಗಳೂ ಕೊಲೋನಿನ ಮುಗಿಲುಮುಟ್ಟುವ ಶಿಖರಗಳೂ ಒಂದೇ ಮಡಕೆಯವಲ್ಲ; ಮೊದಲನೆಯದು ಕಾನ್‌ಸ್ಟಾಂಟಿನೋಪಲಿನ ಕಡೆಗೆ ಮುಖಮಾಡಿದ ಕಲೆ, ಎರಡನೆಯದು ಫ್ರಾನ್ಸಿನಿಂದ ಕಲಿತದ್ದು. ಮೇಲಾಗಿ ಅಗುಳನ್ನು ಹಿಸುಕಬೇಕು. ನಮ್ಮ ಪ್ರವಾಸಿಗಳು ಹಿಸುಕುವುದಿಲ್ಲ. ಬಸ್ಸಿನ ಕಿಟಕಿಯಿಂದ ಮಡಕೆಯ ಮುಚ್ಚಳವನ್ನು ನೋಡಿ ಮುಂದೆ ಸಾಗುತ್ತಾರೆ.

ಮೂರನೆಯದು: “ಅದು ಅನ್ಯರ ದೇವಾಲಯ. ನಮಗೆ ಅಲ್ಲಿ ಭಕ್ತಿಯಿಲ್ಲ, ಅಂದವನ್ನು ನೋಡಿದರಾಯಿತು.” ಈ ಮಾತನ್ನು ಆಡುವವರೇ, ವಿದೇಶೀಯರು ನಮ್ಮ ಗುಡಿಗಳಲ್ಲಿ ಮಂಗಳಾರತಿಯ ಹೊತ್ತಿನಲ್ಲಿ ಅಡ್ಡ ನಿಂತು ಚಿತ್ರ ತೆಗೆದರೆ ಕೆರಳುತ್ತಾರೆ. ವ್ಯಾಟಿಕನ್ನಿನ ಸಿಸ್ಟೈನ್ ಪ್ರಾರ್ಥನಾಗೃಹದಲ್ಲಿ ಮೌನವಾಗಿರಬೇಕು, ಚಿತ್ರ ತೆಗೆಯಬಾರದು ಎಂಬ ನಿಯಮವಿದೆ. ಅದರ ಮೇಲ್ಛಾವಣಿಯನ್ನು ಮೈಕೆಲಾಂಜಲೋ 1508ರಿಂದ 1512ರವರೆಗೆ ಚಿತ್ರಿಸಿದನು. ಆದರೆ ಅದು ಬರಿಯ ಚಿತ್ರಶಾಲೆಯಲ್ಲ. 2025ರ ಮೇ ತಿಂಗಳಿನಲ್ಲಿ ಹೊಸ ಪೋಪ್ ಅವರನ್ನು ಆರಿಸಿದ್ದು ಅದೇ ಗೃಹದಲ್ಲಿ. ಅಲ್ಲಿ ಕಾವಲುಗಾರರು ಮತ್ತೆಮತ್ತೆ “ಮೌನ, ಮೌನ” ಎಂದು ಕೂಗಬೇಕಾಗುವುದು ಯಾರ ದೆಸೆಯಿಂದ? ಸಂತ ಪೀಟರನ ಮಹಾಲಯದಲ್ಲಿ ಹೆಗಲೂ ಮೊಣಕಾಲೂ ಮುಚ್ಚಿರಬೇಕೆಂದರೆ ಗೊಣಗುವ ನಮ್ಮವರಿಗೆ ಊರಿನ ಗುಡಿಯ ಮಡಿ ಮರೆತುಹೋಯಿತೇ? ಭಕ್ತಿಯಿಲ್ಲದಿದ್ದರೆ ಮರ್ಯಾದೆ ಇರಲಿ. ಮರ್ಯಾದೆ ಹುಟ್ಟುವುದು ತಿಳಿವಳಿಕೆಯಿಂದ.

ನಾಲ್ಕನೆಯದು: “ಜೀವಮಾನವೆಲ್ಲ ದುಡಿದು ದಣಿದವರು ಸಂತೋಷಕ್ಕಾಗಿ ಹೋಗುತ್ತಾರೆ. ವಿಹಾರವನ್ನು ಪಾಠಶಾಲೆ ಮಾಡಬೇಡಿ.” ಸಂತೋಷಕ್ಕೆ ನನ್ನ ವಿರೋಧವಿಲ್ಲ. ಹಿಮದಲ್ಲಿ ಆಡಲಿ, ದೋಣಿಯಲ್ಲಿ ತೇಲಲಿ. ಟಿಟ್ಲಿಸ್ ಪರ್ವತದ ಮೇಲೆ ಹಿಂದೀ ಚಲಚ್ಚಿತ್ರದ ನಾಯಕನಾಯಿಕೆಯರ ಚಿತ್ರಫಲಕವಿದೆಯಂತೆ. ಅದರ ಪಕ್ಕದಲ್ಲಿಯೂ ನಿಲ್ಲಲಿ. ಆದರೆ ಅದೇ ಲಘುತ್ವದಿಂದ ದೇವಾಲಯವನ್ನೂ ಪಟ್ಟಿಗೆ ಸೇರಿಸಿ, ಊರಿಗೆ ಬಂದು ಯೂರೋಪಿನ ಧರ್ಮ, ಕಲೆ, ನಾಗರಿಕತೆಗಳ ಮೇಲೆ ತೀರ್ಪು ಕೊಡುವುದನ್ನು ನಾನು ಒಪ್ಪಲಾರೆ. “ಅಲ್ಲಿ ಚರ್ಚುಗಳೆಲ್ಲ ಖಾಲಿ, ಧರ್ಮ ಸತ್ತಿದೆ” ಎಂದು ಒಂದು ಮಧ್ಯಾಹ್ನ ಇಣುಕಿ ನೋಡಿದವರು ಸಭೆಯಲ್ಲಿ ನಿಂತು ಹೇಳುತ್ತಾರೆ. 2019ರ ಏಪ್ರಿಲ್ 15ರಂದು ಪ್ಯಾರಿಸ್ಸಿನ ನೋತ್ರ್ ದಾಮ್ ಹೊತ್ತಿ ಉರಿದಾಗ ಸೇನ್ ನದಿಯ ದಡದಲ್ಲಿ ಮೊಣಕಾಲೂರಿ ಹಾಡುತ್ತಿದ್ದ ಜನರನ್ನು ಲೋಕವೆಲ್ಲ ನೋಡಿತು. ಸುಟ್ಟ ಮಾಡಿನ ತೊಲೆಗಳಿಗಾಗಿ ಓಕ್ ಮರಗಳನ್ನು ಹಳೆಯ ಬಡಗಿಗಳ ರೀತಿಯಲ್ಲಿಯೇ ಕೊಡಲಿಯಿಂದ ಕೆತ್ತಿ, 2024ರ ಡಿಸೆಂಬರಿನಲ್ಲಿ ಅದನ್ನು ಮತ್ತೆ ತೆರೆದರು. ಸತ್ತ ವಸ್ತುವಿಗಾಗಿ ಯಾರು ಇಷ್ಟು ಶ್ರಮಿಸುತ್ತಾರೆ? ಅಲ್ಲಿ ಒಳಹೋಗಲು ಟಿಕೆಟಿಲ್ಲ, ಹಣವಿಲ್ಲ; ಬೇಕಾದದ್ದು ಸರದಿಯಲ್ಲಿ ನಿಲ್ಲುವಷ್ಟು ಹೊತ್ತು. ಅದೊಂದೇ ನಮ್ಮ ಪ್ರವಾಸಗಳಲ್ಲಿಲ್ಲ.

ಸಾಹಿತ್ಯಸಂಘದ ಪತ್ರಿಕೆಯಲ್ಲಿ ಈ ಮಾತನ್ನು ಎತ್ತಲು ಇನ್ನೊಂದು ಕಾರಣವುಂಟು. ಈ ಅವಸರದ ಪ್ರವಾಸಗಳಿಂದ ಅವಸರದ ಪ್ರವಾಸಕಥನಗಳು ಹುಟ್ಟುತ್ತಿವೆ. ಶಿವರಾಮ ಕಾರಂತರ “ಅಪೂರ್ವ ಪಶ್ಚಿಮ”ದಂತಹ ಗ್ರಂಥವನ್ನು ಪಡೆದ ಭಾಷೆಯಲ್ಲಿ ಈಗ ಉಪಾಹಾರದ ವರ್ಣನೆ, ಸಾಮಾನಿನ ತೂಕ, ಸಹಪ್ರಯಾಣಿಕರ ಪರಿಹಾಸ್ಯ, ನಡುವೆ “ಭವ್ಯ”, “ಅದ್ಭುತ” ಎಂಬ ಎರಡು ವಿಶೇಷಣಗಳು. ಇಷ್ಟರಿಂದ ಪುಸ್ತಕಗಳು ತುಂಬುತ್ತಿವೆ. ಕಾಣದವರು ಬರೆದುದನ್ನು ಓದಿ ಮಕ್ಕಳು ಕಂಡೆವೆಂದು ತಿಳಿಯುತ್ತಾರೆ. ಹಣ ಹೋದರೆ ಒಂದು ಮನೆಯ ನಷ್ಟ. ಶಬ್ದಗಳು ಪೊಳ್ಳಾದರೆ ಅದು ಭಾಷೆಯ ನಷ್ಟ.

ಕನ್ನಡಿಗರಿಗೆ ಹೇಳಲೇಬೇಕಾದ ಮಾತೊಂದಿದೆ. ಜರ್ಮನಿಯಿಂದ ಸ್ವಿಟ್ಜರ್ಲೆಂಡಿಗೆ ಬರುವ ಬಸ್ಸುಗಳು ರೈನ್ ಜಲಪಾತದಲ್ಲಿ ನಿಲ್ಲುತ್ತವೆ. ಅದೇ ನದಿಯ ಕೆಳಹರಿವಿನಲ್ಲಿ, ಬಹಳ ದೂರವಲ್ಲದ ಬಾಸೆಲ್ ನಗರವಿದೆ. ಕೆಂಪು ಕಲ್ಲಿನ ಅದರ ಮಹಾದೇವಾಲಯದಲ್ಲಿ ವಿದ್ವಾಂಸನಾದ ಎರಾಸ್ಮಸ್ಸನ ಸಮಾಧಿಯಿದೆ. ಆ ನಗರದ ಮಿಷನ್ನಿನವರೇ 1834ರಲ್ಲಿ ಮಂಗಳೂರಿಗೆ ಬಂದವರು. ಅವರಲ್ಲೊಬ್ಬರಾದ ಮೋಗ್ಲಿಂಗ್ 1843ರಲ್ಲಿ “ಮಂಗಳೂರ ಸಮಾಚಾರ”ವನ್ನು ಹೊರಡಿಸಿ ಕನ್ನಡ ಪತ್ರಿಕೆಗಳಿಗೆ ಮೊದಲಿಗರಾದರು. ಅದೇ ಮಿಷನ್ನಿನ ಕಿಟೆಲ್ಲರು ದಶಕಗಳ ಕಾಲ ದುಡಿದು ರಚಿಸಿದ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಗಾದೆಯ “ಕೋಶ”ವೆಂಬ ಶಬ್ದಕ್ಕೆ ನಿಘಂಟೆಂಬ ಅರ್ಥವೂ ಇದೆಯಷ್ಟೆ. ನಮ್ಮ ಭಾಷೆಗೆ ಅಂಥ ಕೋಶವನ್ನು ಕೊಟ್ಟವರನ್ನು ಕಳುಹಿಸಿದ ನಗರವನ್ನು ಬಿಟ್ಟು ಚಾಕೊಲೇಟಿನ ಅಂಗಡಿಗೆ ಇಳಿಯುವ ಕನ್ನಡಿಗರ ದೇಶಾಟನೆಗೆ ಏನೆನ್ನೋಣ? ಕಿಟೆಲ್ಲರ ಮತಪ್ರಚಾರವನ್ನು ಒಪ್ಪದವರೂ ಅವರ ನಿಘಂಟನ್ನು ತೆರೆಯದೆ ಇರಲಾರರು. ಋಣವನ್ನು ಸ್ಮರಿಸಲು ಮತೈಕ್ಯ ಬೇಕಾಗಿಲ್ಲ.

ಖಂಡಿಸುವವರು ಮಾಡತಕ್ಕದ್ದೇನೆಂಬುದನ್ನೂ ಹೇಳಬೇಕು. ಎಂಟು ದೇಶಗಳಿಗೆ ಬದಲು ಎರಡನ್ನು ಆರಿಸಿರಿ. ಹೊರಡುವುದಕ್ಕೆ ಮೂರು ತಿಂಗಳು ಮುಂಚೆ ಮನೆಯವರೆಲ್ಲ ಕೂಡಿ ಒಂದೊಂದು ಸ್ಥಳದ ಇತಿಹಾಸವನ್ನು ಓದಿರಿ. ಬೈಬಲ್ಲಿನ ಮುಖ್ಯ ಕಥೆಗಳನ್ನು ತಿಳಿದುಕೊಳ್ಳಿರಿ. ರಾಮಾಯಣ ಭಾರತಗಳನ್ನರಿಯದವನಿಗೆ ಹಳೇಬೀಡಿನ ಭಿತ್ತಿ ಹೇಗೆ ಮೂಕವೋ, ಆ ಕಥೆಗಳನ್ನರಿಯದವನಿಗೆ ಅಲ್ಲಿಯ ಬಣ್ಣದ ಗಾಜಿನ ಕಿಟಕಿಗಳೂ ಹಾಗೆಯೇ ಮೂಕ. ಪ್ರವಾಸವನ್ನು ಏರ್ಪಡಿಸುವವರು ವ್ಯಾಪಾರಿಗಳು. ಗಿರಾಕಿಗಳು ಕೇಳಿದುದನ್ನೇ ಅವರು ಮಾರುವರು. ನಲವತ್ತು ಜನರ ಗುಂಪಿನಲ್ಲಿ ಹತ್ತು ಜನ ಒಟ್ಟಾಗಿ “ಒಂದು ಅಂಗಡಿಯನ್ನು ಬಿಡಿರಿ, ಒಂದು ದೇವಾಲಯಕ್ಕೆ ಅರ್ಧ ದಿನ ಕೊಡಿರಿ” ಎಂದು ಹಣ ಕಟ್ಟುವ ಮೊದಲೇ ಕೇಳಲಿ. ಒಳಹೊಕ್ಕವರು ಕೈಯ ಯಂತ್ರವನ್ನು ಚೀಲದಲ್ಲಿರಿಸಿ, ಸಂಜೆಯ ಪ್ರಾರ್ಥನೆಯ ವೇಳೆಯಲ್ಲಿ ಹಿಂದಿನ ಪೀಠದ ಮೇಲೆ ಸುಮ್ಮನೆ ಕುಳಿತಿರಲಿ. ನಮ್ಮ ಸಂಘವೂ ವರ್ಷಕ್ಕೊಮ್ಮೆ, ಬೇಸಗೆಯ ಪ್ರವಾಸಗಳು ಆರಂಭವಾಗುವ ಮುನ್ನ, ಬಲ್ಲವರಿಂದ ಎರಡು ಉಪನ್ಯಾಸಗಳನ್ನು ಏರ್ಪಡಿಸಲಿ. ಹಿಂದಿರುಗಿದವರ ಚಿತ್ರಪ್ರದರ್ಶನಗಳಿಗಿಂತ ಹೊರಡುವವರ ಸಿದ್ಧತೆಯೇ ಸಂಘಕ್ಕೆ ಹೆಚ್ಚು ಶೋಭೆ ತರುವುದು.

ಗೂಟವನ್ನು ನೆಡುವವನು ಅದನ್ನು ಮತ್ತೆಮತ್ತೆ ಅಲುಗಿಸಿ ಗಟ್ಟಿಮಾಡುತ್ತಾನೆ, ಇದನ್ನು ಸ್ಥೂಣಾನಿಖನನನ್ಯಾಯವೆನ್ನುವರು. ಒಂದು ಆಲಯವನ್ನು ಬೆಳಗಿನಲ್ಲಿಯೂ ಸಂಜೆಯಲ್ಲಿಯೂ, ಹೊರಗಿನಿಂದಲೂ ಒಳಗಿನಿಂದಲೂ ನೋಡಿದವನ ಮನಸ್ಸಿನಲ್ಲಿ ಅದು ಆ ಗೂಟದಂತೆ ನಾಟುತ್ತದೆ. ಹನ್ನೆರಡು ದಿನಗಳಲ್ಲಿ ಇಪ್ಪತ್ತನ್ನು ನೋಡಿದವನಿಗೆ ಒಂದೂ ನಾಟುವುದಿಲ್ಲ. ದುಡಿದ ಹಣವನ್ನು ಕೂಡಿಸಿಟ್ಟು, ಮಂಡಿನೋವನ್ನು ಸಹಿಸಿಕೊಂಡು, ಬಾಳಿನಲ್ಲಿ ಒಂದೇ ಸಲ ಹೊರಡುವ ಹಿರಿಯ ದಂಪತಿಗಳು ನಮ್ಮಲ್ಲಿ ಬಹಳ ಮಂದಿ. ಅವರಿಗೆ ಎರಡನೆಯ ಅವಕಾಶ ಬರುವುದು ದುರ್ಲಭ. ಆ ಒಂದು ಅವಕಾಶವನ್ನು ಬಸ್ಸಿನ ಕಿಟಕಿಗೆ ಒಪ್ಪಿಸಬೇಡಿರೆಂಬುದೇ ನನ್ನ ವಿಜ್ಞಾಪನೆ.