ತೆರೆದ ತಂತ್ರಾಂಶವನ್ನೇ ಕಲಿಯೋಣ

ಕೊಲ್ಹಾಪುರದ ಮಹಾಲಕ್ಷ್ಮಿಯ ದರ್ಶನಕ್ಕೆ ಹೋದಾಗ ನಾವು ಹೊರಗೆ ಚಪ್ಪಲಿ ಬಿಟ್ಟು ಬಿಲ್ಲೆ ಪಡೆಯುತ್ತೇವಷ್ಟೆ. ಬಿಲ್ಲೆಯ ಸಂಖ್ಯೆ ತೋರಿಸಿದೊಡನೆ ನಮ್ಮ ಜೋಡು ನಮ್ಮ ಕೈಸೇರುತ್ತದೆ. ಗಣಕಯಂತ್ರದಲ್ಲಿ ಇಂಥದೇ ಕೆಲಸ ಮಾಡುವ ತಂತ್ರಾಂಶವೊಂದುಂಟು, ಅದೇ ರೆಡಿಸ್. ಹೆಸರೊಂದನ್ನು ಕೊಟ್ಟರೆ ಅದಕ್ಕೆ ಸೇರಿದ ಮಾಹಿತಿಯನ್ನು ಡಿಸ್ಕ್ ಎಂಬ ಉಗ್ರಾಣದಲ್ಲಿ ಹುಡುಕದೆ, ಕೈಯಳತೆಯಲ್ಲಿರುವ ಮೆಮರಿಯಿಂದ ಕ್ಷಣಾರ್ಧದಲ್ಲಿ ತೆಗೆದುಕೊಡುತ್ತದೆ. ವಿದ್ಯುತ್ತು ಹೋದರೆ ಮೆಮರಿ ಬರಿದಾಗುವುದರಿಂದ ಡಿಸ್ಕಿನಲ್ಲಿ ನಕಲು ಇಡುವ ಏರ್ಪಾಡೂ ಇದೆ. ಈ ಎಚ್ಚರ ಎಷ್ಟು ಅಗತ್ಯವೆಂಬುದನ್ನು ಇಚಲಕರಂಜಿಯವರಿಗೆ ಹೇಳಬೇಕಾಗಿಲ್ಲ!

ಇಟಲಿಯ ಸಾಲ್ವತೋರೆ ಸಾನ್ಫಿಲಿಪ್ಪೊ 2009ರಲ್ಲಿ ಇದನ್ನು ರಚಿಸಿ, ಯಾರೂ ಬಳಸಬಹುದು, ತಿದ್ದಬಹುದು, ಮಾರಲೂಬಹುದು ಎಂಬ ಪರವಾನಗಿಯೊಡನೆ ಜಗತ್ತಿಗೆ ಕೊಟ್ಟರು. ಆದರೆ 2024ರ ಮಾರ್ಚಿನಲ್ಲಿ ಅದರ ಕಂಪನಿಯು ಮುಂದಿನ ಆವೃತ್ತಿಗಳಿಗೆ ಬಿಗಿಯಾದ ಷರತ್ತು ಹಾಕಿತು. ಗಣಕಗಳನ್ನು ಬಾಡಿಗೆಗೆ ಕೊಡುವ ದೊಡ್ಡ ಸಂಸ್ಥೆಗಳು ತಮ್ಮ ದುಡಿಮೆಯ ಲಾಭ ಪಡೆಯುತ್ತಿವೆಯೆಂಬುದು ಅದರ ದೂರು. ದೂರಿನಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಆದರೆ ಆ ತಂತ್ರಾಂಶದಲ್ಲಿ ಕಂಪನಿಯ ಹೊರಗಿನ ಅನೇಕರ ಬೆವರೂ ಬೆರೆತಿತ್ತು.

ಅದೇ ತಿಂಗಳು ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿ, ರೆಡಿಸ್ 7.2.4ನೆಯ ಆವೃತ್ತಿಯನ್ನೇ ಬುನಾದಿಯಾಗಿಟ್ಟುಕೊಂಡು, ವಾಲ್‌ಕೀ ಹುಟ್ಟಿತು. ಅಮೆಜಾನ್, ಗೂಗಲ್, ಒರಾಕಲ್ ಬೆಂಬಲಕ್ಕೆ ನಿಂತವು. ಒಮ್ಮೆ ಮುಕ್ತವಾಗಿ ಕೊಟ್ಟ ಆವೃತ್ತಿಯನ್ನು ಹಿಂದಕ್ಕೆ ಪಡೆಯಲು ಬಾರದೆಂಬುದೇ ಇದರ ಬಲ. 2025ರ ಮೇ ತಿಂಗಳಲ್ಲಿ ರೆಡಿಸ್ ಸಹ ಎಂಟನೆಯ ಆವೃತ್ತಿಗೆ ಮುಕ್ತ ಪರವಾನಗಿಯನ್ನು ಸೇರಿಸಿತು. ಆದರೆ ಅದನ್ನು ತಿದ್ದಿ ಜಾಲದ ಮೂಲಕ ಸೇವೆ ಕೊಡುವವರು ತಮ್ಮ ತಿದ್ದುಪಡಿಯನ್ನೂ ಬಹಿರಂಗಪಡಿಸಬೇಕು. ಮೈಕ್ರೋಸಾಫ್ಟಿನ ಗಾರ್ನೆಟ್ ಕೂಡ ಮುಕ್ತವೇ. ಡ್ರ್ಯಾಗನ್‌ಫ್ಲೈ ಹಾಗಲ್ಲ, ಒಳಗನ್ನು ನೋಡಲು ಬಿಟ್ಟರೂ ಬಳಕೆಗೆ ಕಟ್ಟುಪಾಡುಗಳಿವೆ.

"ಪುಕ್ಕಟೆ ವಸ್ತುವಿಗೇನು ಬೆಲೆ?" ಎಂದು ಪಾಲಕರು ಕೇಳಬಹುದು. ಇಚಲಕರಂಜಿಯಲ್ಲಿ ಮಗ್ಗ ಕೆಟ್ಟರೆ ಊರಿನ ಜಾಬರನೇ ಬಿಚ್ಚಿ ನೋಡಿ ಸರಿಪಡಿಸುತ್ತಾನೆ. ಮಗ್ಗದ ಪೆಟ್ಟಿಗೆಗೆ ತಯಾರಕನೇ ಬೀಗ ಜಡಿದಿದ್ದರೆ ಆ ವಿದ್ಯೆ ಅವನಿಗೆ ದಕ್ಕುತ್ತಿತ್ತೆ? ಗಡಹಿಂಗ್ಲಜದ ವಿದ್ಯಾರ್ಥಿಯೊಬ್ಬನು ಸಾಮಾನ್ಯ ಗಣಕದಲ್ಲಿಯೇ ಲಿನಕ್ಸಿನೊಡನೆ ವಾಲ್‌ಕೀ ಹಾಕಿಕೊಂಡು ಅದರ ಒಳಹೊರಗನ್ನು ಅರಿಯಬಹುದು. ಆಜ್ಞೆಗಳು ಬಹುಪಾಲು ರೆಡಿಸಿನವೇ ಆದ್ದರಿಂದ ಕಲಿತದ್ದು ವ್ಯರ್ಥವಾಗದು. ನಾಳೆ ಅವನು ನೂಲಿನ ವ್ಯಾಪಾರಿಗಳಿಗಾಗಿ ತಂತ್ರಾಂಶ ರಚಿಸಿ ಮಾರಿದರೆ ಯಾರ ಅಪ್ಪಣೆಯೂ ಬೇಕಿಲ್ಲ. (ದಿನಕ್ಕೆ ನೂರು ಬಿಲ್ಲು ಬರೆಯುವ ಅಂಗಡಿಗೆ ಇಷ್ಟು ವೇಗವೇ ಬೇಕಿಲ್ಲ, ಆ ಮಾತು ಬೇರೆ.)

ಆದುದರಿಂದ ಶಾಲೆಯ ಗಣಕ ಕೋಣೆಗಳಲ್ಲಿ ವಾಲ್‌ಕೀಯಂಥವುಗಳಿಗೇ ಮೊದಲ ಸ್ಥಾನವಿರಬೇಕೆಂಬುದು ನಮ್ಮ ಅಭಿಪ್ರಾಯ. ಯಾವ ತಂತ್ರಾಂಶವನ್ನು ಹಾಕುವ ಮುನ್ನವೂ ಅದರ ಪರವಾನಗಿಯನ್ನು ತರಗತಿಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿಸಲಿ.