ಇದ್ದು ಬರೋಣ

ಸಂಘದ ಈ ಸಲದ ಪ್ರವಾಸದ ಪಟ್ಟಿ ನೋಟೀಸು ಬೋರ್ಡಿಗೆ ಬಿದ್ದಿದೆ. ಅಹಮದಾಬಾದಿನ ಗೆಳೆಯರು ರಾತ್ರಿ ಬಸ್ಸು ಹತ್ತುತ್ತಾರೆ, ನಾವು ವಡೋದರಾದಲ್ಲಿ ಕೂಡಿಕೊಳ್ಳುತ್ತೇವೆ, ಸೂರತ್ತಿನವರು ನಸುಕಿನಲ್ಲಿ. ಮೊದಲ ದಿನ ಸಾಪುತಾರಾ, ಎರಡನೆಯ ದಿನ ನಾಸಿಕ್ ಮತ್ತು ತ್ರ್ಯಂಬಕ, ಮೂರನೆಯ ದಿನ ಶಿರಡಿ, ರಾತ್ರೋರಾತ್ರಿ ವಾಪಸು. ನಾನು ಇದನ್ನು ವಿರೋಧಿಸುತ್ತೇನೆ. ಸಭೆಯಲ್ಲಿ ಕೈ ಎತ್ತಿದಾಗ, "ಬರೆದು ಕೊಡಪ್ಪಾ, ಪತ್ರಿಕೇಲಿ ಹಾಕೋಣ" ಅಂದರು. ಬಾಯಿ ಮುಚ್ಚಿಸಲಿಕ್ಕೆ ಹೇಳಿದ್ದೋ ನಿಜವಾಗಿ ಹೇಳಿದ್ದೋ ಗೊತ್ತಿಲ್ಲ, ಬರೆದಿದ್ದೇನೆ.

ವಾಣಿಜ್ಯದ ವಿದ್ಯಾರ್ಥಿಯಾದ್ದರಿಂದ ಮೊದಲು ಲೆಕ್ಕ. ಅಹಮದಾಬಾದಿನಿಂದ ಸಾಪುತಾರಾಕ್ಕೆ ಸುಮಾರು 400 ಕಿಲೋಮೀಟರು, ಅಲ್ಲಿಂದ ನಾಸಿಕ್ಕಿಗೆ 80. ಮಿಕ್ಕಿದ್ದೆಲ್ಲ ಸೇರಿಸಿ ಹೋಗಿ ಬರೋದು ಸಾವಿರಕ್ಕೆ ಕಡಿಮೆಯಿಲ್ಲ. ಘಟ್ಟದ ದಾರಿ, ಊಟ, ಚಹಾ ಎಲ್ಲ ಹಿಡಿದು ಬಸ್ಸು ಗಂಟೆಗೆ 40 ಹೋದೀತು. ಅಂದರೆ ಮೂರು ದಿನದಲ್ಲಿ 25 ಗಂಟೆ ನಾವು ನೋಡುವುದು ಮುಂದಿನ ಸೀಟಿನವನ ತಲೆಯನ್ನು. ನಾವು ಕೊಡೋ ದುಡ್ಡಿನ ದೊಡ್ಡ ಪಾಲು ಡೀಸೆಲ್ಲಿಗೆ. ಸುಸ್ತಾಗಲಿಕ್ಕೆ ಇಷ್ಟು ಖರ್ಚು ಮಾಡಬೇಕೆ? ಪರೀಕ್ಷೆ ಅದನ್ನು ಬಿಟ್ಟಿಯಾಗಿಯೇ ಮಾಡಿಕೊಡುತ್ತದಲ್ಲ!

ಗುಜರಾತಿಯಲ್ಲಿ ಪ್ರವಾಸಕ್ಕೆ 'ಫರ್ವಾ ಜವುಂ' ಅಂತಾರೆ, ತಿರುಗಾಡಲಿಕ್ಕೆ ಹೋಗೋದು. ದೀಪಾವಳಿ ಮುಗಿದು ಲಾಭಪಂಚಮಿಯವರೆಗೆ ಅಂಗಡಿಗಳಿಗೆ ಬಾಗಿಲು, ಸಂಸಾರ ಸಮೇತ ಥೇಪ್ಲಾ ಡಬ್ಬಿ ಕಟ್ಟಿಕೊಂಡು ಹೊರಟೇ ಬಿಡುತ್ತಾರೆ. ವರ್ಷವಿಡೀ ಗಲ್ಲೆಯ ಮುಂದೆ ಕೂತವರು ತಿರುಗಬೇಕು ಅನ್ನೋದು ನ್ಯಾಯವೇ, ಅದನ್ನು ನಾನು ಹಳಿಯುವುದಿಲ್ಲ. ಆದರೆ ನಮ್ಮ ಕಡೆ ಬೇಸಿಗೆ ರಜಾ ಬಂದರೆ ಅಮ್ಮ ಹೇಳುತ್ತಿದ್ದ ಮಾತು ಬೇರೆ: "ಅಜ್ಜಿ ಮನೇಲಿ ನಾಲ್ಕು ದಿನ ಇದ್ದು ಬಾ." ನೋಡಿ ಬಾ ಅಲ್ಲ, ಇದ್ದು ಬಾ. ಅಜ್ಜಿಯ ಮನೆಯಲ್ಲಿ ನೋಡಲಿಕ್ಕೆ ಏನಿತ್ತು? ಕೊಟ್ಟಿಗೆ, ಹಿತ್ತಿಲು, ಒಂದು ಹಲಸಿನ ಮರ. ಆದರೂ ವಾಪಸು ಬರುವಾಗ ಅಳು ಬರುತ್ತಿತ್ತು.

ಹಾಗೆ ಇದ್ದು ಬರಲಿಕ್ಕೆ ಗುಜರಾತಿನಲ್ಲಿ ಒಂದು ಗಿರಿಧಾಮ ಇದೆ, ಅದು ಸಾಪುತಾರಾ. ಡಾಂಗ್ ಜಿಲ್ಲೆಯ ತುದಿ, ಮಹಾರಾಷ್ಟ್ರದ ಗಡಿ, ಸುಮಾರು 3,000 ಅಡಿ ಎತ್ತರ. ಇದು ಸಹ್ಯಾದ್ರಿ ಸ್ವಾಮಿ! ಆಗುಂಬೆ, ಸಕಲೇಶಪುರಗಳ ಅದೇ ಬೆಟ್ಟಸಾಲಿನ ಬಡಗಣ ತುದಿ. ಬೇಲೂರು ಸೀಮೆಯವನಾದ ನನಗೆ ವಡೋದರಾದ ಚಪ್ಪಟೆ ನೆಲದ ಮೇಲೆ ಎರಡು ವರ್ಷ ಕಣ್ಣಿಗೆ ಊರುಗೋಲಿಲ್ಲದ ಹಾಗಾಗಿತ್ತು. ಹೋದ ವರ್ಷ ಸೋದರಮಾವನ ಮನೆಯವರ ಜೊತೆ ಅಲ್ಲಿಗೆ ಹೋದೆ. ತಿರುವು ಹತ್ತುವಾಗ ತೇಗದ ಕಾಡು, ಮೇಲೆ ಮಂಜು, ಮಣ್ಣಿನ ವಾಸನೆ. ಅಂಗಡಿಯಲ್ಲಿ 'ನಾಗಲಿ' ಅಂತ ಏನೋ ಮಾರುತ್ತಿದ್ದರು, ಕೈಗೆ ತೊಗೊಂಡು ನೋಡಿದರೆ ನಮ್ಮ ರಾಗಿ! ಗೋಧಿ, ಬಾಜ್ರಾಗಳ ಈ ರಾಜ್ಯದಲ್ಲಿ ರಾಗಿ ತಿನ್ನುವ ಜನವೂ ಇದ್ದಾರೆ ಅನ್ನೋದು ನನಗೆ ಯಾರೂ ಹೇಳಿರಲಿಲ್ಲ.

ಬಂದವರು ಮಾಡುವುದೇನು? ಸೂರ್ಯೋದಯದ ಪಾಯಿಂಟು, ಸೂರ್ಯಾಸ್ತದ ಪಾಯಿಂಟು, ಎಕೋ ಪಾಯಿಂಟು, ರೋಪ್‌ವೇ, ಕೆರೆಯಲ್ಲಿ ದೋಣಿ. ಒಂದೊಂದು ಕಡೆ ಹತ್ತು ನಿಮಿಷ, ಫೋಟೋ, ಮುಂದಕ್ಕೆ. ಅಲ್ಲಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ನಾವು ಹೋದಾಗ ಮೂರೇ ಜನ ಇದ್ದೆವು. ಡಾಂಗಿನವರು ಒಣಗಿದ ಸೋರೆಬುರುಡೆ ಕಟ್ಟಿ ಊದುವ ಪಾವರಿ ಎಂಬ ವಾದ್ಯದ ಮುಂದೆ ನಾನು ನಿಂತಿದ್ದೆ, ಅಷ್ಟರಲ್ಲಿ ಜೀಪಿನವನು ಹಾರನ್ನು ಹೊಡೆದ. ಸಾಪುತಾರಾ ಅಂದರೆ ಹಾವುಗಳ ನೆಲೆ, ಹೋಳಿಯ ಹೊತ್ತಿಗೆ ಅಲ್ಲಿನ ಜನ ಸರ್ಪಗಂಗಾ ದಂಡೆಯಲ್ಲಿ ನಾಗನನ್ನು ಪೂಜಿಸುತ್ತಾರೆ. ನಾಗರಕಲ್ಲಿಗೆ ಹಾಲೆರೆದು ಬೆಳೆದ ನಮಗೆ ಇದು ದೂರದ ಸುದ್ದಿಯೆ? ಇನ್ನೊಂದು ತಮಾಷೆ: ಇದೇ ಜಿಲ್ಲೆಯ ಸುಬೀರ್ ಬಳಿ ಶಬರೀಧಾಮ ಇದೆ, ಅದಕ್ಕೊಂದು ಪಂಪಾಸರೋವರವೂ ಇದೆ. ಆನೆಗೊಂದಿಯ ಪಂಪಾಸರೋವರದವರು ಬೇಕಾದರೆ ಜಗಳಕ್ಕೆ ಬರಬಹುದು.

ಕಾಡು ಅಂದರೆ ಬರೀ ಹಸಿರು ಅಂದುಕೊಂಡು ಹೋಗುವುದೂ ಬೇಡ. 1842ರಲ್ಲಿ ಇಂಗ್ಲಿಷರು ಡಾಂಗಿನ ಭಿಲ್ಲ ನಾಯಕರಿಂದ ಈ ಕಾಡನ್ನು ಗುತ್ತಿಗೆಗೆ ಹಿಡಿದರು, ತೇಗಕ್ಕಾಗಿ. ಆ ಮನೆತನಗಳ ಐದು ರಾಜರಿಗೆ ಆಹ್ವಾದಲ್ಲಿ ಹೋಳಿಗೆ ಮುಂಚೆ ಡಾಂಗ್ ದರ್ಬಾರು ನಡೆಸಿ ಸರಕಾರ ಇಂದಿಗೂ ಪಿಂಚಣಿ ಕೊಡುತ್ತದೆ. ರಾಜ, ಪಿಂಚಣಿ ಎರಡೂ ಒಂದೇ ವಾಕ್ಯದಲ್ಲಿ! ನಮ್ಮ ಅರ್ಥಶಾಸ್ತ್ರದ ಪುಸ್ತಕದಲ್ಲಿ ಗುತ್ತಿಗೆಯ ಮೇಲೆ ಒಂದು ಅಧ್ಯಾಯ ಇದೆ, ಅದರಲ್ಲಿ ಇದಿಲ್ಲ. ಇನ್ನು ಸಾಪುತಾರಾ ಗಿರಿಧಾಮವಾಗುವಾಗ ಅಲ್ಲಿ ಮೊದಲಿಂದ ಇದ್ದ ಆದಿವಾಸಿ ಕುಟುಂಬಗಳನ್ನು ಎಬ್ಬಿಸಿ ಪಕ್ಕದ ನವಾಗಾಮದಲ್ಲಿ ಕೂರಿಸಿದರು. ನಾವು ವಿಶ್ರಾಂತಿ ತೆಗೆದುಕೊಳ್ಳುವ ಜಾಗ ಇನ್ನೊಬ್ಬರ ಹಿತ್ತಿಲಾಗಿತ್ತು. ಹತ್ತು ನಿಮಿಷ ನಿಂತು ಹೋಗುವವನಿಗೆ ಇದು ತಿಳಿಯುವುದೇ ಇಲ್ಲ, ನಾಲ್ಕು ದಿನ ಇದ್ದವನಿಗೆ ಚಹಾ ಕೊಡುವವನಾದರೂ ಹೇಳಿಯಾನು.

ಇದ್ದು ಮಾಡಿದವರೂ ಅಲ್ಲಿದ್ದರು. ಪೂರ್ಣಿಮಾ ಪಕ್ವಾಸಾ ಎಂಬ ಹೆಣ್ಣುಮಗಳು ಸಾಪುತಾರಾದಲ್ಲಿ ಋತಂಭರಾ ವಿದ್ಯಾಪೀಠ ಕಟ್ಟಿ ಆದಿವಾಸಿ ಹುಡುಗಿಯರನ್ನು ಓದಿಸಿದರು. ಜನ ಅವರನ್ನು ಡಾಂಗಿನ ದೀದಿ ಅನ್ನುತ್ತಿದ್ದರು, 2004ರಲ್ಲಿ ಪದ್ಮಭೂಷಣ ಬಂತು, 2016ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಗೈಡು ನಮಗೆ ತೋರಿಸಿದ್ದು ಜೇನಿನ ಅಂಗಡಿ.

"ನಾಲ್ಕು ದಿನ ಒಂದೇ ಕಡೆ ಕೂತು ಏನ್ ಮಾಡೋದು?" ಅಂತ ಹಿರಿಯ ಗೆಳೆಯರೊಬ್ಬರು ಕೇಳಿದರು. ಸಾಹಿತ್ಯ ಸಂಘದವರು ಕೇಳುವ ಪ್ರಶ್ನೆಯೆ ಇದು? ಹೆಗ್ಗೋಡು ಅಡಿಕೆ ತೋಟದ ನಡುವಿನ ಒಂದು ಹಳ್ಳಿ. 1949ರಲ್ಲಿ ನೀನಾಸಂ ಹುಟ್ಟಿತು, ಕೆ.ವಿ. ಸುಬ್ಬಣ್ಣನವರು ಅದನ್ನು ಬೆಳೆಸಿದರು. ಅಲ್ಲಿನ ಸಂಸ್ಕೃತಿ ಶಿಬಿರಕ್ಕೆ ಜನ ಎಲ್ಲೆಲ್ಲಿಂದಲೋ ಬಂದು ದಿನಗಟ್ಟಲೆ ಇದ್ದರು, ನಾಟಕ ನೋಡಿದರು, ವಾದ ಮಾಡಿದರು, ಮಿಕ್ಕ ಹೊತ್ತು ಮಳೆ ನೋಡಿದರು. ಅಲ್ಲಿ ಯಾವ ಪಾಯಿಂಟೂ ಇಲ್ಲ. 1967ರ ಜ್ಞಾನಪೀಠವನ್ನು ಕುವೆಂಪು ಮತ್ತು ಗುಜರಾತಿಯ ಉಮಾಶಂಕರ ಜೋಶಿ ಹಂಚಿಕೊಂಡರು ಅಂತ ಪ್ರತಿ ಭಾಷಣದಲ್ಲೂ ಹೇಳುತ್ತೇವೆ. ಒಬ್ಬರು ಕುಪ್ಪಳಿಯವರು, ಇನ್ನೊಬ್ಬರು ಈಡರ್ ಸೀಮೆಯ ಬಾಮಣಾದವರು, ಇಬ್ಬರೂ ಗುಡ್ಡದ ಮಕ್ಕಳು. ಇಬ್ಬರ ಪುಸ್ತಕಗಳನ್ನೂ ಚೀಲದಲ್ಲಿಟ್ಟುಕೊಂಡು ಹೋಗೋಣ, ಸಂಜೆ ಒಬ್ಬ ಓದಲಿ, ಉಳಿದವರು ಕೇಳಲಿ. ಗುಜರಾತಿ ಓದಲು ಬರುವ ಸೂರತ್ತಿನ ಗೆಳೆಯರಿದ್ದಾರಲ್ಲ, ಕಲಿಸಲಿ.

ನನ್ನ ಸಲಹೆ ಇಷ್ಟು. ದೀಪಾವಳಿಯ ಜಾತ್ರೆಯಲ್ಲಿ ಬೇಡ, ಜನವರಿಯಲ್ಲಿ, ವಾರದ ನಡುವೆ. ಸ್ವಂತ ಬಸ್ಸು ಬಿಟ್ಟು ಬಿಲಿಮೋರಾವರೆಗೆ ರೈಲು. ಅಲ್ಲಿಂದ ವಘಾಯ್‌ಗೆ ಗಾಯಕವಾಡರ ಕಾಲದಲ್ಲಿ ತೇಗ ಸಾಗಿಸಲು ಹಾಕಿದ 63 ಕಿಲೋಮೀಟರಿನ ಪುಟ್ಟ ಹಳಿ ಇದೆ. 2020ರಲ್ಲಿ ನಿಂತು 2021ರಲ್ಲಿ ಮತ್ತೆ ಹೊರಟ ರೈಲು ಅದು, ನಾವು ಹೋಗುವ ದಿನ ಓಡುತ್ತಿದ್ದರೆ ಅದರಲ್ಲೇ, ಇಲ್ಲದಿದ್ದರೆ ಸರಕಾರಿ ಬಸ್ಸು. ಡೀಸೆಲ್ಲಿನಲ್ಲಿ ಉಳಿದ ದುಡ್ಡಿನಿಂದ ಇನ್ನೊಂದು ರಾತ್ರಿ ಉಳಿಯಬಹುದು, ನಾಗಲಿ ರೊಟ್ಟಿ ಮಾಡಿಕೊಡುವ ಡಾಂಗಿನ ಮನೆಯಲ್ಲಿ ಉಣ್ಣಬಹುದು. ಶಿರಡಿಗೆ ಹೋಗಲೇಬೇಕಾದವರು ಭಕ್ತಿಯಿಂದ ಬೇರೆಯಾಗಿ ಹೋಗಿ ಬರಲಿ, ಬಾಬಾ ಎಲ್ಲಿಗೂ ಹೋಗುವುದಿಲ್ಲ.

ವಿಶ್ರಾಂತಿ ಅನ್ನೋದು ಉಳ್ಳವರ ಖಯಾಲಿ ಅಂತ ಸಭೆಯಲ್ಲಿ ಒಬ್ಬರು ಅಂದರು. ನನ್ನ ಮಾವ ಸೂರತ್ತಿನ ಒಂದು ಹೋಟೆಲಿನಲ್ಲಿ ಇಪ್ಪತ್ತು ವರ್ಷದಿಂದ ದೋಸೆ ಹುಯ್ಯುತ್ತಿದ್ದಾರೆ. ಅವರಿಗೆ ವಿಶ್ರಾಂತಿ ಬೇಡವೆ? ಸಾಪುತಾರಾದಲ್ಲಿ ಆ ಎರಡು ದಿನವೂ ಅವರು ಜೀಪಿನಲ್ಲೇ ನಿದ್ದೆ ಹೋದರು, ಮಕ್ಕಳು ಪಾಯಿಂಟು ನೋಡಿ ಬಂದು ಎಬ್ಬಿಸುತ್ತಿದ್ದರು. ಈ ನಾಲ್ಕು ದಿನದ ಯೋಚನೆಯನ್ನು ಮೊನ್ನೆ ಅವರಿಗೆ ಹೇಳಿದೆ. "ಸುಮ್ನೆ ಇರೋದಾ? ನಾನೂ ಬರ್ತೀನಿ ಕಣೋ. ಅಡಿಗೆಗೆ ಯಾರಿದ್ದಾರೆ?" ಅಂದರು. ಬರಲಿ, ಆದರೆ ಅಡಿಗೆಗೆ ಅವರನ್ನು ನಿಲ್ಲಿಸುವುದು ಬೇಡ.